ಪುಸ್ತಕದಲ್ಲಿಲ್ಲದ ಹೊಟ್ಟೆಗಳು

ಅಲ್ಲ, ಎಡಗೈಯೂ ಆಗಿರಬಹುದು. ತಿರುಚಿಕೊಂಡ ಕರುಳು ಯಾವ ದಿಕ್ಕಿಗೆ ತಿರುಗಿತ್ತು ಎಂಬುದನ್ನು ಅವರು ಗಾಳಿಯಲ್ಲಿ ಕೈ ತಿರುವಿ ತೋರಿಸುತ್ತಿದ್ದರು. ಬಲಗೈ ಎಂದು ಇಷ್ಟು ದಿನ ನಂಬಿದ್ದೆ. ಬರೆಯಲು ಕೂತ ಮೇಲೆ ಅನುಮಾನ ಬಂದು ಅವರ ಹಳೆಯ ನರ್ಸಿಗೆ ಫೋನ್ ಮಾಡಿ ಕೇಳಿದೆ. ಆಕೆ ನಕ್ಕುಬಿಟ್ಟಳು. "ಏನ್ರಿ ಸರ್, ಬಾಯಾರ ಕೈ ಎರಡೂ ಹೊಟ್ಟ್ಯಾಗ ಇರ್ತಿದ್ವು. ಗಾಳ್ಯಾಗ ಯಾವಾಗ ತಿರುವ್ಯಾರ?"

ಹಾಗಾದರೆ ಆ ಕೈಯನ್ನು ನಾನು ನೋಡಿದ್ದು ಎಲ್ಲಿ? ಆಪರೇಷನ್ ಮುಗಿದ ಮೇಲೆ ಮೆಟ್ಟಿಲ ಮೇಲೆ ಕೂತಾಗ ಇರಬೇಕು. ಅಥವಾ ಒಮ್ಮೆ ಮಾತ್ರ ನೋಡಿ, ಒಟ್ಟಿಗೆ ಕೆಲಸ ಮಾಡಿದ ಹದಿನಾಲ್ಕು ವರ್ಷಗಳಿಗೆಲ್ಲ ಅದನ್ನೇ ಹಂಚಿಬಿಟ್ಟಿದ್ದೇನೆ. ಮುಂದೆ ಬರೆಯುವುದನ್ನೆಲ್ಲ ಇಷ್ಟೇ ನಂಬಿಕೆಯಿಂದ ಓದಬೇಕು.

ಅವರು ಇಳಕಲ್ಲಿನಲ್ಲಿ ಹತ್ತು ಹಾಸಿಗೆಯ ಸಣ್ಣ ದವಾಖಾನೆ ನಡೆಸುತ್ತಿದ್ದ ಶಸ್ತ್ರವೈದ್ಯೆ. ನಾನು ಬಾಗಲಕೋಟೆಯಲ್ಲಿರುವ ಅರಿವಳಿಕೆ ವೈದ್ಯ. ಕರೆ ಬಂದಾಗ ಅಮೀನಗಡ, ಹುನಗುಂದ ದಾಟಿ ಅಲ್ಲಿಗೆ ಹೋಗುತ್ತಿದ್ದೆ. ಊರಿನವರು ಅವರನ್ನು ಬಾಯಾರ ಎನ್ನುತ್ತಿದ್ದರು, ನನ್ನನ್ನು ಮಲಗಿಸೂ ಡಾಕ್ಟರು. ಹೋದ ತಿಂಗಳು ಅವರು ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಬರೆದರೆ ಆ ಊರಿನವರು ಬಂದು ತಿದ್ದುತ್ತಾರೆ. ಅವರು ತಿದ್ದಿದ್ದು ನನ್ನ ನೆನಪಿಗಿಂತ ಸರಿಯಾಗಿಯೇ ಇರುತ್ತದೆ, ಅದೇ ನನ್ನ ತೊಂದರೆ.

ಆಪರೇಷನ್ ಟೇಬಲ್ಲಿನ ಮೇಲೆ ರೋಗಿಯ ಎದೆಗೂ ಹೊಟ್ಟೆಗೂ ನಡುವೆ ಒಂದು ಹಸಿರು ಬಟ್ಟೆ ಅಡ್ಡ ಕಟ್ಟಿರುತ್ತಾರೆ. ತಲೆಯ ಕಡೆ ನಾನು, ಹೊಟ್ಟೆಯ ಕಡೆ ಅವರು. ನನ್ನ ಪಾಲಿಗೆ ಉಸಿರು, ನಾಡಿ, ರಕ್ತದೊತ್ತಡ. ಹೊಟ್ಟೆಯೊಳಗೆ ಏನಿದೆ ಎಂಬುದನ್ನು ನಾನು ಕಂಡದ್ದಕ್ಕಿಂತ ಕೇಳಿದ್ದೇ ಹೆಚ್ಚು. ಅವರ ಕಣ್ಣು ಮತ್ತು ಟೊಪ್ಪಿಗೆಯ ಅಂಚು, ಇಷ್ಟು ಮಾತ್ರ ಬಟ್ಟೆಯ ಮೇಲೆ ಕಾಣುತ್ತಿತ್ತು. ಒಬ್ಬರನ್ನು ಅಷ್ಟು ವರ್ಷ ಅಷ್ಟು ಹತ್ತಿರದಿಂದ ನೋಡಿಯೂ ಅವರ ಬಾಯಿ ಹೇಗಿತ್ತು ಎಂದು ಕೇಳಿದರೆ ಯೋಚಿಸಬೇಕಾಗುತ್ತದೆ.

ಅವರಿಗೆ ವಿಶೇಷ ಆಸಕ್ತಿ ಇದ್ದದ್ದು ತಿರುಚಿದ ಕರುಳಿನಲ್ಲಿ. ಕರುಳು ತನ್ನ ಸುತ್ತ ತಾನೇ ತಿರುಗಿಕೊಂಡರೆ ರಕ್ತ ನಿಲ್ಲುತ್ತದೆ, ಕೆಲವು ಗಂಟೆಗಳಲ್ಲಿ ಕಪ್ಪಾಗುತ್ತದೆ. ಯಾಕೆ ತಿರುಗುತ್ತದೆ ಎಂಬುದಕ್ಕೆ ಹಲವು ಕಾರಣ. ಅವುಗಳಲ್ಲಿ ಅವರನ್ನು ಹಿಡಿದು ನಿಲ್ಲಿಸುತ್ತಿದ್ದದ್ದು ಹುಟ್ಟಿನಿಂದಲೇ ಒಳಗಿನ ರಚನೆ ಬೇರೆಯಾಗಿರುವ ಹೊಟ್ಟೆಗಳು. ಬೆನ್ನಿನ ಗೋಡೆಗೆ ಅಂಟಿಕೊಂಡಿರಬೇಕಾದ ಭಾಗ ಸಡಿಲವಾಗಿ ತೂಗಾಡುತ್ತಿರುವುದು, ಗರ್ಭದಲ್ಲಿ ಒಂದು ಸುತ್ತು ಹಾಕಿ ತನ್ನ ಜಾಗಕ್ಕೆ ಬರಬೇಕಾದ ಕರುಳು ಅರ್ಧಕ್ಕೇ ನಿಂತು ಸಣ್ಣದೆಲ್ಲ ಬಲಕ್ಕೆ, ದೊಡ್ಡದೆಲ್ಲ ಎಡಕ್ಕೆ ಉಳಿದಿರುವುದು, ಇಂಥವು.

"ಪುಸ್ತಕದಾಗಿನ ಹೊಟ್ಟಿ ನಾ ಇನ್ನೂ ಒಂದೂ ಕಂಡಿಲ್ಲ ತಮ್ಮಾ," ಎನ್ನುತ್ತಿದ್ದರು. ನನಗಿಂತ ಹದಿನೈದು ವರ್ಷ ದೊಡ್ಡವರು, ನನ್ನನ್ನು ತಮ್ಮಾ ಎಂದೇ ಕರೆಯುತ್ತಿದ್ದರು.

ಪಟ್ಟದಕಲ್ಲಿನಲ್ಲಿ ಪ್ರವಾಸಿಗರಿಗೆ ಎಳನೀರು ಮಾರುವ ಮುದುಕನೊಬ್ಬ ಇಳಕಲ್ಲಿನ ಮಗಳ ಮನೆಗೆ ಬಂದಿದ್ದಾಗ ಹೊಟ್ಟೆ ಹಿಡಿದುಕೊಂಡು ಬಿದ್ದ. ವರ್ಷಗಳಿಂದ ಬಂದು ಹೋಗುತ್ತಿದ್ದ ನೋವು, ಗ್ಯಾಸು ಎಂದು ಎಲ್ಲರೂ ಗುಳಿಗೆ ಕೊಟ್ಟಿದ್ದರು. ತೆರೆದರೆ ದೊಡ್ಡ ಕರುಳಿನ ಮೊದಲ ಭಾಗ ಎಲ್ಲಿಯೂ ಅಂಟದೆ ತೂಗಾಡುತ್ತಿತ್ತಂತೆ. ಎರಡು ದಿನದ ನಂತರ ಆತ ಕೇಳಿದ, "ನನ್ನ ಹೊಟ್ಟ್ಯಾಗ ಏನ ಆಗಿತ್ರೀ ಬಾಯಾರ?"

"ನಿನ್ನ ಮಾಡಿದಾಂವ ಒಂದ ಮೊಳಿ ಹೊಡಿಯೂದ ಮರತಿದ್ದ ಯಜ್ಜಾ."

"ಮತ್ತ ನೀವ ಹೊಡದ್ರೇನ?"

"ನಾ ಎರಡ ಹೊಲಿಗಿ ಹಾಕೇನಿ. ಮೊಳಿ ನಿನ್ನ ಮಗಳ ಮನಿ ಗ್ವಾಡಿಗೆ ಹೊಡಸ್ಕೋ, ಅಂಗಿ ತೂಗಹಾಕಾಕ ಬರತೈತಿ."

ಮುದುಕ ಹೊಲಿಗೆ ಹಿಡಿದುಕೊಂಡು ನಕ್ಕ. ನಗಬಾರದು ಎಂದು ಅವರೇ ಬೈದರು. ಈ ಪ್ರಸಂಗವನ್ನು ಹೇಳಿ ಹೇಳಿ ನಾನು ನಯ ಮಾಡಿಬಿಟ್ಟಿದ್ದೇನೆ. ಗೋಡೆ, ಅಂಗಿ ಎಲ್ಲ ನಾನು ಆಮೇಲೆ ಸೇರಿಸಿದ್ದಿರಬಹುದು. ಮೊಳೆಯ ಮಾತು ಮಾತ್ರ ಅವರದೇ.

ಅವರ ಒಂದು ರೂಢಿ ಹೇಳಬೇಕು. ತಿರುಚನ್ನು ಬಿಚ್ಚಿದ ಮೇಲೆ ಕರುಳನ್ನು ಬೆಚ್ಚಗಿನ ಉಪ್ಪುನೀರಿನ ಬಟ್ಟೆಯಲ್ಲಿ ಸುತ್ತಿ ಕಾಯುತ್ತಾರೆ. ಬಣ್ಣ ತಿರುಗಿ ಕೆಂಪಾದರೆ ಉಳಿಯಿತು, ಇಲ್ಲದಿದ್ದರೆ ಆ ಭಾಗ ಕತ್ತರಿಸಬೇಕು. "ಹತ್ತ ನಿಮಿಷ ನೋಡು ತಮ್ಮಾ," ಎಂದು ನನ್ನ ಗಡಿಯಾರಕ್ಕೆ ಕೆಲಸ ಕೊಡುತ್ತಿದ್ದರು. ಆ ಹತ್ತು ನಿಮಿಷ ಅವರ ಕೈಗಳಿಗೆ ಮಾಡಲು ಏನೂ ಇರುತ್ತಿರಲಿಲ್ಲ. ಆಗ ಮಾತಾಡುತ್ತಿದ್ದರು. ಕಂಡದ್ದನ್ನೆಲ್ಲ, ಎಲ್ಲಿಂದ ಎಲ್ಲಿಗೆ ಏನು ಹೋಗಿದೆ, ಯಾವುದು ಯಾವುದರ ಕೆಳಗೆ ನುಸುಳಿದೆ, ಎಲ್ಲವನ್ನೂ ನನಗೆ ವಿವರಿಸುತ್ತಿದ್ದರು. ನನಗೆ ಕಾಣುವುದಿಲ್ಲ ಎಂದು ಗೊತ್ತಿದ್ದೂ "ನೋಡು, ಇಲ್ಲಿ ನೋಡು" ಎನ್ನುತ್ತಿದ್ದರು. ನಾನು ಹೂಂ ಎನ್ನುತ್ತಿದ್ದೆ. ಎಷ್ಟೋ ಸಲ ಕೇಳಿಸಿಕೊಳ್ಳದೆಯೇ.

ದವಾಖಾನೆಯ ಮೇಲಿನ ಎರಡು ಕೋಣೆಗಳಲ್ಲಿ ಒಬ್ಬರೇ ಇದ್ದರು. ಆಪರೇಷನ್ ಆದ ಮೇಲೆ ಥಿಯೇಟರಿನ ಹಿಂದಿನ ಮೆಟ್ಟಿಲ ಮೇಲೆ ಕೂತು ಗರಿಗರಿ ಕಟಕ ರೊಟ್ಟಿಯನ್ನು ಶೇಂಗಾ ಚಟ್ನಿಪುಡಿಯೊಂದಿಗೆ ಮುರಿದು ತಿನ್ನುತ್ತಿದ್ದರು. ನನಗೂ ಅರ್ಧ. ಊಟಕ್ಕೆ ಮೇಲೆ ಬಾ ಎಂದು ಹದಿನಾಲ್ಕು ವರ್ಷಗಳಲ್ಲಿ ಒಮ್ಮೆಯೂ ಕರೆಯಲಿಲ್ಲ, ನಾನೂ ಹೋಗಲಿಲ್ಲ. ಒಮ್ಮೆ ಮಾತ್ರ, "ಇವತ್ತ ಯಾವ ಕೇಸೂ ಇಲ್ಲ, ಆದರೂ ಬರ್ತೀಯೇನು?" ಎಂದು ಫೋನ್ ಮಾಡಿದ್ದರು. ಯಾಕೆ ಮೇಡಂ ಎಂದೆ. "ಏನಿಲ್ಲ ಬಿಡು," ಎಂದು ಇಟ್ಟರು. ನಾನು ಹೋಗಲಿಲ್ಲ. ಅದು ಯಾವ ವರ್ಷ, ಮುಂದೆ ಹೇಳುವ ಘಟನೆಗೆ ಮೊದಲೋ ಆಮೇಲೋ, ಅದೂ ನೆನಪಿಲ್ಲ. ಮೊದಲಾದರೆ ಒಂದು ಅರ್ಥ, ಆಮೇಲಾದರೆ ಇನ್ನೊಂದು.

ಘಟನೆ ಇದು. ಊರಿನ ಒಂದು ನೇಕಾರರ ಮನೆಯಿಂದ ಏಳು ವರ್ಷದ ಹುಡುಗಿಯನ್ನು ತಂದರು. ಹೊಟ್ಟೆ ಉಬ್ಬಿ, ಹಸಿರು ವಾಂತಿ. ಕರುಳು ತಿರುಚಿದೆ ಎಂದು ಬಾಯಾರ ಮುಟ್ಟಿ ನೋಡಿಯೇ ಹೇಳಿದರು. ತಾಯಿಯ ಹೆಸರು ರೇಣವ್ವ. ಅತ್ತೆ, ಗಂಡ, ಗಂಡನ ತಂಗಿ ಎಲ್ಲರೂ ಬಂದಿದ್ದರು. ಮಗುವನ್ನು ಒಳಗೆ ಒಯ್ಯುವಾಗಲೇ ಬಾಗಿಲಲ್ಲಿ ಶುರುವಾಗಿತ್ತು.

"ಖರೆ ಹೇಳು, ಏನ ತಿನ್ನಿಸಿದಿ?" ಎಂದು ಅತ್ತೆ.

"ಒಂದ ಮುಷ್ಟಿ ಹಸಿ ಶೇಂಗಾರಿ ಅತ್ತಿ. ಎಲ್ಲಾರೂ ತಿಂದೇವಲ್ಲ."

"ಎಲ್ಲಾರೂ ತಿಂದ್ರ ಇದರ ಕರುಳ ಒಂದ ಹೆಂಗ ತಿರಗತೈತಿ? ನನ್ನ ಮಗಾ ಏನಾರ ಹೇಳತಾನೇನು ನಿನಗ? ಅಂವಾ ಹೇಳಂಗಿಲ್ಲ. ಕೂಸಿಗೆ ಏನಾರ ಆದ್ರ ನೀ ಮನಿ ಹೊಸ್ತಿಲಾ ತುಳಿಬ್ಯಾಡ, ಇಲ್ಲಿಂದನ ತವರಿಗೆ ನಡಿ."

ಒಳಗೆ ತೆರೆದು, ಬಿಚ್ಚಿ, ಬಟ್ಟೆ ಸುತ್ತಿ ಕಾಯುವಾಗ ಅವರು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಚೆನ್ನಾಗಿ ನೆನಪಿದೆ ಎಂದುಕೊಂಡಿದ್ದೇನೆ. ಹೀರುಯಂತ್ರ ಗೊರಗೊರ ಎನ್ನುತ್ತಿತ್ತು.

"ಹೊಕ್ಕುಳದ ಒಳಮೈಯಿಂದ ಒಂದ ಹುರಿ ಬಂದೈತಿ ನೋಡು ತಮ್ಮಾ. ನೆಟ್ಟಗ ಹೋಗಿ ಕರುಳಿಗೆ ಹತ್ತೈತಿ. ಅದನ್ನ ಗೂಟಾ ಮಾಡ್ಕೊಂಡು ಕರುಳು ಎತ್ತಿನಂಗ ಸುತ್ತಿ ಸುತ್ತಿ ಬಿಗದೈತಿ."

ಗರ್ಭದಲ್ಲಿ ಮೊದಮೊದಲು ಕರುಳಿಗೂ ಹೊಕ್ಕುಳಕ್ಕೂ ಒಂದು ಸಣ್ಣ ನಾಳದ ಸಂಬಂಧ ಇರುತ್ತದೆ. ಹುಟ್ಟುವ ಬಹಳ ಮೊದಲೇ ಅದು ಕರಗಿ ಹೋಗಬೇಕು. ಎಲ್ಲೋ ಕೆಲವರಲ್ಲಿ ಕರಗದೆ ಹುರಿಯಾಗಿ ಉಳಿಯುತ್ತದೆ. ಶೇಂಗಾದಿಂದಲ್ಲ, ತಾಯಿಯ ತಪ್ಪಿನಿಂದಲ್ಲ. ಯಾಕೆ ಅವರಲ್ಲೇ ಉಳಿಯುತ್ತದೆ ಎಂದರೆ ಹೇಳಲು ನಮ್ಮ ಹತ್ತಿರ ಏನೂ ಇಲ್ಲ.

ಒಂದು ಗೇಣಿನಷ್ಟು ಕರುಳು ಕೆಂಪಾಗಲಿಲ್ಲ. ಅದನ್ನು ತೆಗೆದು ಹೊಲಿದರು. ಮಗು ಉಳಿಯಿತು.

ಅವರು ಹೊರಗೆ ಬಂದರು, ನಾನು ಹಿಂದೆ ನಿಂತಿದ್ದೆ. "ಶೇಂಗಾ ತಿಂದ್ರ ಯಾರ ಕರುಳೂ ತಿರಗಂಗಿಲ್ಲ," ಎಂದರು. "ಹಂಗಿದ್ರ ಅರ್ಧಾ ಹುನಗುಂದ ಇಷ್ಟೊತ್ತಿಗೆ ನನ್ನ ದವಾಖಾನ್ಯಾಗ ಇರ್ತಿತ್ತು. ಕೂಸಿಗೆ ಇದು ಹುಟ್ಟಿದಾಗಿಂದನ ಇತ್ತು."

ಇಲ್ಲಿ ಅವರು ತಪ್ಪಿದರು. ಹುಟ್ಟಿದಾಗಿನಿಂದ ಎಂಬುದು ಅವರ ಬಾಯಿಪಾಠದ ಮಾತು, ಎಲ್ಲ ಮನೆಯವರಿಗೂ ಹೇಳಿ ಸಮಾಧಾನ ಮಾಡುತ್ತಿದ್ದ ಮಾತು. ನೇಕಾರರ ಮನೆಯ ಅತ್ತೆಯೆದುರು ಅದು ಬೇರೆ ದಾರಿ ಹಿಡಿಯಿತು.

"ಹುಟ್ಟಿದಾಗಿಂದ!" ಎಂದು ಆಕೆ ಸೊಸೆಯ ಕಡೆ ತಿರುಗಿದಳು. "ಕೇಳಿದ್ಯಾ? ಗ್ರಹಣದಾಗ ಮಗ್ಗದ ಮುಂದ ಕುಂದ್ರಬ್ಯಾಡ ಅಂತ ಬಡಕೊಂಡೆ. ಬಸರಿ ಹೆಂಗಸು, ಕುಂತು ಹಾಸಿನ ಎಳಿ ಹೊಸದಿ. ಹಳೀ ಎಳಿಗೆ ಹೊಸಾ ಎಳಿ ಹಿಡದು ತಿರುವಿದಿ, ಒಂದಲ್ಲ ಎರಡಲ್ಲ. ಕೂಸಿನ ಕರುಳೂ ಹಂಗ ತಿರುವಿದಿ."

ನನಗೆ ನಿಜಕ್ಕೂ ಭಯವಾದದ್ದು ರೇಣವ್ವಳ ಮುಖ ನೋಡಿ. ಆಕೆಯೂ ಅದನ್ನು ನಂಬಿದ್ದಳು. ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದಳು.

ಬಾಯಾರ ಅತ್ತೆಯೆದುರಿಗೆ ಬಂದು ನಿಂತರು. ಆಮೇಲೆ, "ಏ ಯವ್ವಾ," ಎಂದರು, "ಇದು ತಾಯಿ ಕಡಿಂದ ಬರೂ ಪೈಕಿ ಅಲ್ಲ. ತಂದಿ ಕಡಿಂದ ಬರತೈತಿ. ನಿಮ್ಮ ಮನಿತನದ ಮೈಗುಣ ಇದು."

"ನಮ್ಮ ಮನಿತನದಾಗ ಯಾರಿಗೂ ಇಲ್ಲರಿ ಬಾಯಾರ."

"ನಿಮ್ಮ ಮಾವ ಹೆಂಗ ತೀರಕೊಂಡ್ರು?"

ಅತ್ತೆ ಯೋಚಿಸಿದಳು. "ಹೊಟ್ಟಿಬ್ಯಾನಿ ಬಂದಿತ್ತು..."

"ಹೂಂ," ಎಂದರು ಅವರು. ಅಷ್ಟೇ. ಯಾವ ಮನೆಯಲ್ಲಿ ಹೊಟ್ಟೆನೋವಿನಿಂದ ಸತ್ತ ಹಿರಿಯನೊಬ್ಬ ಇರುವುದಿಲ್ಲ? ಸುಳ್ಳಿಗೆ ಸಾಕ್ಷಿಯನ್ನು ಆಕೆಯೇ ಒದಗಿಸಿದಳು. ಗಂಡ ಅಂಗಿಯ ಮೇಲಿಂದ ತನ್ನ ಹೊಕ್ಕುಳ ಮುಟ್ಟಿ ನೋಡಿಕೊಂಡ. ತವರಿನ ಮಾತು ಅಲ್ಲಿಗೆ ನಿಂತಿತು.

ಮೆಟ್ಟಿಲ ಮೇಲೆ ರೊಟ್ಟಿ ಮುರಿಯುವಾಗ ಕೇಳಿದೆ, "ಮೇಡಂ, ತಂದಿ ಕಡಿಂದ ಅಂದ್ರಿ."

"ಅಂದೆ."

"ಖರೆ ಏನ್ರಿ?"

"ಖರೆ ಹೇಳಿದ್ರ ಆಕಿ ನಾಳೆ ತವರಿಗೆ, ಹೊಲಿಗಿ ಹಾಕಿದ ಕೂಸ ಇಲ್ಲೇ. ಗಂಡಸರ ಮ್ಯಾಲ ಹಾಕಿದ್ರ ಏನ ಆಗತೈತಿ? ಏನೂ ಆಗಂಗಿಲ್ಲ. ಅವರನ್ನ ಎಲ್ಲಿಗೆ ಕಳಸ್ತಾರ?"

ಆ ಮನೆಯಲ್ಲಿ ಮದುವೆಯಾಗಬೇಕಾದ ಹೆಣ್ಣುಮಗಳೊಬ್ಬಳಿದ್ದಾಳೆ ಎಂಬುದು ನಮಗಿಬ್ಬರಿಗೂ ಹೊಳೆಯಲಿಲ್ಲ. ಆ ಸುಳ್ಳು ಹೇಳುವಾಗ ಗಂಡನ ತಂಗಿ ನಮ್ಮ ಎದುರಿಗೇ ನಿಂತಿದ್ದಳು, ಕೈಯಲ್ಲಿ ಟಿಫಿನ್ ಡಬ್ಬಿ. ಡಬ್ಬಿ ನಾನು ಈಗ ಬರೆಯುವಾಗ ಕೊಟ್ಟದ್ದೋ ಏನೋ. ನಿಂತಿದ್ದಂತೂ ಹೌದು.

ಕೆಲವು ತಿಂಗಳ ಮೇಲೆ, ಒಂದು ಮುಂಜಾನೆ, ನಾನು ದವಾಖಾನೆಯ ಮುಂದೆ ಕಾರಿನಿಂದ ಇಳಿಯುವಾಗ ಒಬ್ಬ ಹಿರಿಯರು ಮತ್ತು ಅವರ ಹೆಂಡತಿ ಎದುರಾದರು. ಗುಳೇದಗುಡ್ಡದವರು, ಮನೆಯಲ್ಲಿ ಕುಪ್ಪಸದ ಖಣ ನೇಯುವ ಮಗ್ಗ. ಮಗನಿಗೆ ರೇಣವ್ವಳ ನಾದಿನಿಯನ್ನು ನೋಡಿ ಮಾತು ಮುಗಿಸಿದ್ದರು.

"ಆ ಮನಿತನದಾಗ ಕರುಳ ತಿರಗೂ ಬ್ಯಾನಿ ಐತಂತಲ್ರಿ," ಎಂದರು ಹಿರಿಯರು. "ಬಾಯಾರ ಹೇಳ್ಯಾರಂತ ಕೇಳೇವಿ. ಬ್ಯಾರೆಯವರ ಮಾತ ಬ್ಯಾಡ ಅಂತ ಖುದ್ದ ಬಂದೇವಿ. ನೀವೂ ಆವತ್ತ ಒಳಗ ಇದ್ರಿ ಹೌದಲ್ರಿ?"

ಅವರಿಗೆ ಯಾರು ಹೇಳಿದರು? ಅತ್ತೆ ಹೇಳುವವಳಲ್ಲ. ಅಕ್ಕಪಕ್ಕದವರಿರಬಹುದು. ನಳದ ಹತ್ತಿರ ಬೈಸಿಕೊಂಡು ಸಾಕಾಗಿ ರೇಣವ್ವಳೇ, ನಿಮ್ಮ ಮನೆತನದ್ದೇ ಎಂದು ಬಾಯಾರ ಹೇಳಿದ್ದಾರೆ ಎಂದು ಜೋರಾಗಿ ಅಂದಿರಬಹುದು. ಅಂದಿದ್ದರೆ ಆಕೆಯ ತಪ್ಪೂ ಅಲ್ಲ.

ನಾನು ಹೇಳಬಹುದಾಗಿದ್ದ ಮಾತು ಸಣ್ಣದು. ಅದು ಮನೆತನದ ಕಾಯಿಲೆ ಅಲ್ಲ, ಯಾರ ಕಡೆಯಿಂದಲೂ ಬಂದದ್ದಲ್ಲ, ಧೈರ್ಯವಾಗಿ ಮದುವೆ ಮಾಡಿ. ಹಾಗೆ ಹೇಳಿದ್ದರೆ ಬಾಯಾರ ಸುಳ್ಳು ಹೇಳಿದ್ದರು ಎಂದಾಗುತ್ತಿತ್ತು, ಆ ಮಾತು ಸಂಜೆಯೊಳಗೆ ಇಳಕಲ್ಲಿಗೆ ಮರಳಿ ರೇಣವ್ವಳ ಬಾಗಿಲಿಗೆ ಬರುತ್ತಿತ್ತು. ರೋಗಿಯ ವಿಷಯ ಹೇಳುವುದಿಲ್ಲ ಎನ್ನಬಹುದಾಗಿತ್ತು. ಇಲ್ಲಿ ಹೇಳುವುದಿಲ್ಲ ಎಂದರೆ ಇದೆ ಎಂದೇ ಅರ್ಥ. ಇದನ್ನೆಲ್ಲ ಅಳೆದು ತೂಗಿ ನಿರ್ಧರಿಸಿದೆ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ನಾನು ಏನನ್ನೂ ಅಳೆಯಲಿಲ್ಲ. ನನಗೆ ಇದು ಬೇಡವಾಗಿತ್ತು.

"ನಾ ತಲಿ ಕಡೆ ಕುಂದ್ರಾಂವರಿ," ಎಂದೆ. "ಹೊಟ್ಟಿ ನಾ ನೋಡಂಗಿಲ್ಲ. ಏನಿದ್ರೂ ಮೇಡಂಗ ಕೇಳ್ರಿ."

ತಲೆಯೆತ್ತಿದರೆ ಮುಂಬಾಗಿಲ ಮೆಟ್ಟಿಲ ಮೇಲೆ ಬಾಯಾರ ನಿಂತಿದ್ದರು. ಕೇಳಿಸಿಕೊಂಡಿದ್ದರು. ಹತ್ತು ನಿಮಿಷ ಹತ್ತು ನಿಮಿಷವಾಗಿ ಅಷ್ಟು ವರ್ಷ ನನಗೆ ತೋರಿಸಿದ್ದನ್ನೆಲ್ಲ ನಾನು ನೋಡೇ ಇಲ್ಲ ಎಂದು ರಸ್ತೆಯಲ್ಲಿ ನಿಂತು ಹೇಳಿದ್ದನ್ನು. ಮುಖದಲ್ಲಿ ಏನಿತ್ತು ಎಂದು ಬರೆಯುವ ಆಸೆಯಾಗುತ್ತದೆ. ಬಿಸಿಲು ಕಣ್ಣಿಗೆ ಬರುತ್ತಿತ್ತು, ನಾನು ಸರಿಯಾಗಿ ನೋಡಲಿಲ್ಲ.

"ಒಳಗ ಬರ್ರಿ," ಎಂದು ಆ ಇಬ್ಬರನ್ನೂ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡರು.

ನಾನು ಎದುರಿನ ಅಂಗಡಿಯಲ್ಲಿ ಚಹಾ ಕುಡಿದೆ, ಇನ್ನೊಂದು ಕುಡಿದೆ. ಕಾಲು ಗಂಟೆ ಆಗಿರಬೇಕು. ಗಂಡ ಹೆಂಡತಿ ಹೊರಗೆ ಬಂದು ನನ್ನ ಕಡೆ ನೋಡದೆ ಬಸ್‌ಸ್ಟ್ಯಾಂಡಿನ ದಾರಿ ಹಿಡಿದರು. ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು, ಧೂಳಿಗೋ ಇನ್ನೇನಕ್ಕೋ.

ಬಾಯಾರ ಬಾಗಿಲಲ್ಲಿ ಕಾಣಿಸಿಕೊಂಡರು. "ಡಾಕ್ಟ್ರೇ, ಕೇಸ್ ತಗೊಳ್ಳೂಣೇನ್ರಿ?"

ತಮ್ಮಾ ಎಂಬುದು ಆವತ್ತಿನಿಂದ ನಿಂತಿತು. ಅಥವಾ ಮುಂಚೆಯೂ ಆಗಾಗ ಡಾಕ್ಟ್ರೇ ಎನ್ನುತ್ತಿದ್ದರೋ, ಆವತ್ತು ಮೊದಲ ಸಲ ನನ್ನ ಕಿವಿಗೆ ಬಿತ್ತೋ. ಅದರ ನಂತರವೂ ಐದು ವರ್ಷ ಒಟ್ಟಿಗೆ ಕೆಲಸ ಮಾಡಿದೆವು. ತಿರುಚಿದ ಕರುಳು ಬಂದಾಗ ಬಟ್ಟೆ ಸುತ್ತಿ, "ಹತ್ತ ನಿಮಿಷ ನೋಡ್ರಿ," ಎನ್ನುತ್ತಿದ್ದರು. ಆಮೇಲೆ ಮಾತಿಲ್ಲ. ಯಂತ್ರದ ಬಡಿತ ಎಣಿಸುತ್ತ ನಾನೇ ಒಂದೆರಡು ಸಲ, "ಏನ ಕಾಣತೈತ್ರಿ ಮೇಡಂ?" ಎಂದು ಕೇಳಿದೆ. "ಏನಿಲ್ಲ, ಇದ್ದದ್ದ," ಎಂದರು. ರೊಟ್ಟಿಯಲ್ಲಿ ಅರ್ಧ ಮಾತ್ರ ಕೊನೆಯವರೆಗೂ ಕೊಟ್ಟರು.

ಅವರು ತೀರಿಕೊಂಡ ಸುದ್ದಿಯನ್ನು ಕಂಪೌಂಡರ್ ಫೋನಿನಲ್ಲಿ ಹೇಳಿದ. ಮುಂಜಾನೆ ಮೇಲಿನ ಬಾಗಿಲು ತೆರೆಯಲಿಲ್ಲವಂತೆ. ಮಣ್ಣಿಗೆ ಹೋಗಲು ನನಗೆ ಆಗಲಿಲ್ಲ. ಬಾದಾಮಿಯಲ್ಲಿ ಒಂದು ಕೇಸ್ ಇತ್ತು. ಅದನ್ನು ಬೇರೆಯವರಿಗೆ ವಹಿಸಬಹುದಾಗಿತ್ತು.

ಆ ಕಾಲು ಗಂಟೆಯಲ್ಲಿ ಗುಳೇದಗುಡ್ಡದವರಿಗೆ ಅವರು ಏನು ಹೇಳಿದರು? ಮನೆತನದ ಮೈಗುಣ ಎಂಬ ಮಾತಿಗೇ ನಿಂತಿದ್ದರೆ ಆ ನಾದಿನಿಯ ಮದುವೆ ಮುರಿದಿರುತ್ತದೆ. ಸುಳ್ಳು ಎಂದು ಒಪ್ಪಿದ್ದರೆ ರೇಣವ್ವ ತವರಿಗೆ ಹೋಗಿರುತ್ತಾಳೆ. ಮೂರನೆಯದೂ ಒಂದಿದೆ. ತನಗೇ ಸರಿಯಾಗಿ ತಿಳಿಯಲಿಲ್ಲ, ತಾನೇ ನೋಡುವುದರಲ್ಲಿ ತಪ್ಪಿದೆ, ಅದು ಯಾರ ಕಡೆಯಿಂದ ಬಂದದ್ದೂ ಅಲ್ಲ ಎಂದು ಎಲ್ಲವನ್ನೂ ತಮ್ಮ ಮೇಲೆ ಎಳೆದುಕೊಂಡಿರಬಹುದು. ಆ ವರ್ಷದ ನಂತರ ಆ ಓಣಿಯಿಂದ ರೋಗಿಗಳು ಕಡಿಮೆಯಾದರು ಎಂದು ನನಗೆ ಅನಿಸುತ್ತದೆ. ಆದರೆ ಆಗಲೇ ಬಾಗಲಕೋಟೆಯ ದೊಡ್ಡ ದವಾಖಾನೆಗಳಿಗೆ ಎಲ್ಲ ಊರುಗಳಿಂದಲೂ ಜನ ಹೋಗತೊಡಗಿದ್ದರು. ಮೂರನೆಯದನ್ನು ನಂಬಲು ನನಗೆ ಇಷ್ಟ. ಇಷ್ಟವಾದದ್ದರಿಂದಲೇ ಅದರ ಮೇಲೆ ನನಗೆ ಅನುಮಾನ.

ಇಳಕಲ್ಲಿಗೆ ಹೋಗಿ ವಿಚಾರಿಸಿದರೆ ಅರ್ಧ ದಿನದ ಕೆಲಸ. ಐದು ವರ್ಷ, ವಾರಕ್ಕೊಮ್ಮೆಯಾದರೂ ಆ ಓಣಿಯ ಬಾಯಿಂದ ಹಾದು ಹೋಗಿದ್ದೇನೆ. ಒಮ್ಮೆಯೂ ಕಾರು ನಿಲ್ಲಿಸಲಿಲ್ಲ. ಆ ನಾದಿನಿಗೆ ಮದುವೆಯಾಯಿತೋ, ರೇಣವ್ವ ಆ ಮನೆಯಲ್ಲೇ ಇದ್ದಾಳೋ, ನನಗೆ ಗೊತ್ತಿಲ್ಲ.